ದಂಡು ಪ್ರದೇಶದ ಶಾಲೆಗಳಿಗೆ ಸಿಕ್ಕ ವಿನಾಯಿತಿ

ಬೆಂಗಳೂರಿನ ಹಳೆಯ ದಂಡು ಪ್ರದೇಶದಲ್ಲಿ ಶಿವಾಜಿನಗರದ ಬಸ್ ನಿಲ್ದಾಣವನ್ನು ನಡುವಿಗಿಟ್ಟುಕೊಂಡು ಸುತ್ತು ಹಾಕಿದರೆ ನಾಡಿನ ಅತಿ ಹಳೆಯ ಶಾಲೆಗಳ ಗೇಟುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಮ್ಯೂಸಿಯಂ ರಸ್ತೆಯಲ್ಲಿ 1858ರ ಸೇಂಟ್ ಜೋಸೆಫ್ಸ್, ಸ್ವಲ್ಪ ಆಚೆಗೆ 1865ರ ಬಿಷಪ್ ಕಾಟನ್, ರಿಚ್ಮಂಡ್ ಟೌನಿನಲ್ಲಿ 1880ರ ಬಾಲ್ಡ್‌ವಿನ್, ರಿಚರ್ಡ್ಸ್ ಟೌನಿನಲ್ಲಿ 1914ರ ಕ್ಲಾರೆನ್ಸ್. ಹಲಸೂರು ಕೆರೆಯ ಕಡೆಗೆ ಬಂದರೆ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡ ಮಕ್ಕಳಿಗಾಗಿ 1873ರಲ್ಲಿ ಕಟ್ಟಿದ ವಿದ್ಯಾಸಂಸ್ಥೆ. ಕೇಂಬ್ರಿಜ್ ರಸ್ತೆಯಲ್ಲಿ 1967ರಿಂದ ಫ್ರಾಂಕ್ ಆಂಥನಿ ಪಬ್ಲಿಕ್ ಶಾಲೆ. ಇದೇ ಸುತ್ತಿನಲ್ಲಿ ರಸೆಲ್ ಮಾರುಕಟ್ಟೆಯ ಹಮಾಲರು, ಭಾರತಿನಗರದ ದರ್ಜಿಗಳು, ಮರ್ಫಿ ಟೌನಿನ ಪೌರಕಾರ್ಮಿಕರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಇದ್ದಾರೆ. ಅವರ ಮಕ್ಕಳು ದಿನವೂ ಈ ಗೇಟುಗಳ ಮುಂದೆಯೇ ನಡೆದು ಸರ್ಕಾರಿ ಶಾಲೆಗೆ ಹೋಗುತ್ತಾರೆ.

ಆ ಗೇಟುಗಳು ಅವರಿಗೂ ಸ್ವಲ್ಪ ತೆರೆಯಲಿ ಎಂದು ಸಂಸತ್ತು 2009ರಲ್ಲಿ ಒಂದು ಕಾಯ್ದೆ ಮಾಡಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮಿನ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಒಂದನೇ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇ 25ರಷ್ಟನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಕೊಡಬೇಕು. ಎಂಟನೇ ತರಗತಿಯವರೆಗೆ ಉಚಿತವಾಗಿ ಕಲಿಸಬೇಕು. ಖರ್ಚಿನ ಒಂದು ಪಾಲನ್ನು ಸರ್ಕಾರ ಶಾಲೆಗೆ ಕಟ್ಟಿಕೊಡುತ್ತದೆ. ಕರ್ನಾಟಕ 2012ರ ಏಪ್ರಿಲ್‌ನಲ್ಲಿ ತನ್ನ ನಿಯಮಗಳನ್ನು ಹೊರಡಿಸಿ, ಈ ಕಾಲುಭಾಗವನ್ನು ಪರಿಶಿಷ್ಟ ಜಾತಿಗೆ ಶೇ 7.5, ಪರಿಶಿಷ್ಟ ಪಂಗಡಕ್ಕೆ ಶೇ 1.5, ಉಳಿದವರಿಗೆ ಶೇ 16 ಎಂದು ಹಂಚಿತು. ನೆರೆಹೊರೆ ಎಂದರೆ ಬೆಂಗಳೂರಿನಲ್ಲಿ ಪಾಲಿಕೆಯ ವಾರ್ಡು. ‘ಆರ್‌ಟಿಇ ಸೀಟು’ ಎಂಬ ಮಾತು ಓಣಿ ಓಣಿಯಲ್ಲಿ ಕೇಳತೊಡಗಿದ್ದು ಆಗ.

ಶಾಲೆಗಳ ಕಡೆಯಿಂದ ಪ್ರತಿರೋಧ ಬರಲು ತಡವಾಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಖಾಸಗಿ ಶಾಲಾ ಆಡಳಿತ ಮಂಡಳಿಗಳ ಸಂಘ ‘ಕುಸ್ಮಾ’ ಮುಷ್ಕರಕ್ಕೆ ಕರೆ ಕೊಟ್ಟು ಹಲವು ಶಾಲೆಗಳು ಕೆಲವು ದಿನ ಬಾಗಿಲು ಹಾಕಿದವು. ನಗರದ ಇನ್ನೊಂದು ಮಗ್ಗುಲಿನ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳನ್ನು ಗುರುತು ಹಿಡಿಯಲೆಂದು ಅವರ ತಲೆಗೂದಲು ಕತ್ತರಿಸಿದರೆಂಬ ಆರೋಪ ಆ ದಿನಗಳಲ್ಲೇ ಬಂದು ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ದಂಡು ಪ್ರದೇಶದ ಬಹುಪಾಲು ಹೆಸರಾಂತ ಶಾಲೆಗಳಿಗೆ ಬೀದಿಗಿಳಿಯುವ ಅಗತ್ಯವೇ ಬೀಳಲಿಲ್ಲ. ಅವು ಅಲ್ಪಸಂಖ್ಯಾತ ಸಂಸ್ಥೆಗಳು ನಡೆಸುವ ಶಾಲೆಗಳಾದ್ದರಿಂದ ಅವುಗಳ ಪಾಲಿಗೆ ಉತ್ತರ ನ್ಯಾಯಾಲಯದಿಂದ ಬಂತು.

2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಅದೇ ತೀರ್ಪಿನಲ್ಲಿ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಹೊರಗಿಟ್ಟಿತು. ಎರಡು ವರ್ಷದ ಬಳಿಕ, 2014ರ ಮೇ 6ರಂದು, ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇನ್ನೂ ಮುಂದೆ ಹೋಯಿತು. ಅನುದಾನ ಪಡೆಯಲಿ ಬಿಡಲಿ, ಅಲ್ಪಸಂಖ್ಯಾತ ಸಂಸ್ಥೆ ನಡೆಸುವ ಯಾವ ಶಾಲೆಗೂ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಬರೀ ಶೇ 25ರ ಸೀಟಿನ ಮಾತಾಗಿದ್ದರೆ ಅಷ್ಟು ಪರಿಣಾಮ ಆಗುತ್ತಿರಲಿಲ್ಲ. ಇಡೀ ಕಾಯ್ದೆಯೇ ಆ ಕಾಂಪೌಂಡಿನ ಆಚೆ ಉಳಿಯಿತು. ಶಿಕ್ಷಕ-ವಿದ್ಯಾರ್ಥಿ ಅನುಪಾತ, ಪ್ರವೇಶಕ್ಕೆ ಮಗುವನ್ನೋ ಪೋಷಕರನ್ನೋ ಸಂದರ್ಶನ ಮಾಡಬಾರದೆಂಬ ನಿಷೇಧ, ವಂತಿಗೆ ನಿಷೇಧ, ಆಟದ ಮೈದಾನ, ಕುಡಿಯುವ ನೀರು ಇವೆಲ್ಲವೂ ಅದೇ ಕಾಯ್ದೆಯಲ್ಲಿವೆ.

ಅದೇ ದಿನ ಅದೇ ಪೀಠ ಕರ್ನಾಟಕಕ್ಕೆ ಇನ್ನೂ ಹತ್ತಿರದ ಮತ್ತೊಂದು ತೀರ್ಪು ಕೊಟ್ಟಿತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕೆಂಬ 1994ರ ಏಪ್ರಿಲ್ 29ರ ಸರ್ಕಾರಿ ಆದೇಶವನ್ನು ಹೈಕೋರ್ಟಿನ ಪೂರ್ಣಪೀಠ 2008ರಲ್ಲೇ ಖಾಸಗಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಖಚಿತಗೊಳಿಸಿ, ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂದಿತು. ಹೀಗೆ ಒಂದೇ ದಿನದಲ್ಲಿ ದಂಡಿನ ಶಾಲೆಗಳ ಮೇಲೆ ಸರ್ಕಾರಕ್ಕಿದ್ದ ಎರಡು ದೊಡ್ಡ ಹಿಡಿತಗಳು ಸಡಿಲವಾದವು.

ಇದು ಈ ಪ್ರದೇಶಕ್ಕೆ ಹೊಸ ಅನುಭವವೂ ಅಲ್ಲ. ಶ್ರೀರಂಗಪಟ್ಟಣದಿಂದ ಸೇನೆ ಬಂದು 1809ರ ಹೊತ್ತಿಗೆ ಬೀಡುಬಿಟ್ಟ ಈ ದಂಡು, 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರ ಕೈಯಲ್ಲೇ ಉಳಿಯಿತು. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂದು ಕರೆಸಿಕೊಂಡ ಅದು ಮೈಸೂರು ಅರಸರ ರಾಜ್ಯಕ್ಕೆ ಸೇರಿದ್ದು 1947ರ ಜುಲೈನಲ್ಲಿ. ಅಷ್ಟು ಕಾಲ ಪೇಟೆಯ ಶಾಲೆಗಳು ಮೈಸೂರಿನ ವಿದ್ಯಾ ಇಲಾಖೆಯ ಅಡಿಯಲ್ಲಿದ್ದರೆ, ದಂಡಿನ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಶಾಲೆಗಳಿಗೆ ಬೇರೆಯದೇ ನಿಯಮಾವಳಿ, ಬೇರೆಯದೇ ಪರೀಕ್ಷೆ. ಉತ್ತರಪತ್ರಿಕೆಗಳು ಕೇಂಬ್ರಿಜ್‌ಗೆ ಹಡಗಿನಲ್ಲಿ ಹೋಗುತ್ತಿದ್ದವು. ಸ್ವಾತಂತ್ರ್ಯದ ನಂತರ ಆ ನಂಟನ್ನು ದೇಶೀಯಗೊಳಿಸಲು 1958ರಲ್ಲಿ ಹುಟ್ಟಿದ್ದೇ ಇಂದು ಐಸಿಎಸ್‌ಇ ಪರೀಕ್ಷೆ ನಡೆಸುವ ಮಂಡಳಿ. ಅದರ ಮೊದಲ ಅಧ್ಯಕ್ಷರು ಆಂಗ್ಲೋ-ಇಂಡಿಯನ್ ನಾಯಕ ಫ್ರಾಂಕ್ ಆಂಥನಿ. ರಾಜ್ಯದ ಪಠ್ಯ, ರಾಜ್ಯದ ಪರೀಕ್ಷೆ, ರಾಜ್ಯದ ಇನ್‌ಸ್ಪೆಕ್ಟರು ಇವರಿಂದ ಒಂದು ಕೈ ದೂರದಲ್ಲಿರುವುದು ದಂಡಿನ ಶಾಲೆಗಳಿಗೆ ತಲೆಮಾರುಗಳಿಂದ ರೂಢಿ.

ಅಲ್ಪಸಂಖ್ಯಾತರ ಹಕ್ಕನ್ನು ಹಗುರವಾಗಿ ಕಾಣುವ ಹಾಗಿಲ್ಲ. ದೇಶ ಒಡೆದ ಗಾಯ ಹಸಿಯಾಗಿದ್ದ ಕಾಲದಲ್ಲಿ, ಬಹುಸಂಖ್ಯಾತರ ಮನಸ್ಸು ನಾಳೆ ಹೇಗೆ ತಿರುಗಿದರೂ ನಿಮ್ಮ ಶಾಲೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ ಎಂದು ಸಂವಿಧಾನದ 30ನೇ ವಿಧಿ ಕೊಟ್ಟ ಮಾತು ಅದು. ಅದರ ಗಡಿಯನ್ನು ನಿಗದಿಪಡಿಸಿದ ದೊಡ್ಡ ತೀರ್ಪೂ ಕರ್ನಾಟಕದ ನಂಟಿನದೇ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡೇ ತೀರ್ಮಾನಿಸಬೇಕು ಎಂದಿತು. ಹಾಗಾಗಿ ಆಂಧ್ರದಲ್ಲಿ ಬಹುಸಂಖ್ಯಾತರಾದ ತೆಲುಗರು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ತಮಿಳರು, ಮಲಯಾಳಿಗಳು, ಹಿಂದಿ ಮತ್ತು ಗುಜರಾತಿ ಮಾತಾಡುವವರೂ ಅಷ್ಟೇ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳು ಕೇರಳದಲ್ಲಿ ಇದೇ ನೆರಳಿನಲ್ಲಿ ಉಸಿರಾಡುತ್ತಿವೆ ಎಂಬುದನ್ನು ಕನ್ನಡಿಗರು ಮರೆಯಬಾರದು.

ತೊಡಕು ಇರುವುದು ಬೇರೆಡೆ. ಕಾಯ್ದೆಯಿಂದ ಹೊರಗುಳಿಯುವ ದಾರಿ ಒಂದು ಪ್ರಮಾಣಪತ್ರದ ಮೂಲಕ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ಆ ಪ್ರಮಾಣಪತ್ರಕ್ಕೆ ಬೇಡಿಕೆ ಬಂತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2021ರಲ್ಲಿ ಹೊರತಂದ ವರದಿ, ಶಾಲೆಗಳು ಅಲ್ಪಸಂಖ್ಯಾತ ಮಾನ್ಯತೆ ಪಡೆಯುವ ಭರಾಟೆ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮೀಸಲಾತಿಯಿಂದ ಹೊರಗಿಟ್ಟ 2005ರ ಸಂವಿಧಾನ ತಿದ್ದುಪಡಿಯ ನಂತರವೇ ಏರಿದ್ದನ್ನು ದಾಖಲಿಸಿದೆ. ದೇಶದ ಅಲ್ಪಸಂಖ್ಯಾತ ಶಾಲೆಗಳಲ್ಲಿ ಓದುತ್ತಿರುವವರಲ್ಲಿ ಶೇ 62.5ರಷ್ಟು ಮಕ್ಕಳು ಅಲ್ಪಸಂಖ್ಯಾತರಲ್ಲ, ಸಾಮಾಜಿಕವಾಗಿ-ಆರ್ಥಿಕವಾಗಿ ಹಿಂದುಳಿದ ಮಕ್ಕಳ ಪಾಲು ಶೇ 8.76 ಮಾತ್ರ ಎಂಬುದು ಅದರ ಲೆಕ್ಕ. ಆಯೋಗದ ರಾಜಕೀಯದ ಬಗ್ಗೆ ತಕರಾರು ಇರುವವರೂ ಈ ಅಂಕಿಗಳನ್ನು ಒಮ್ಮೆ ನಿಂತು ನೋಡಬೇಕು. ಶಿವಾಜಿನಗರದ ಬಡ ಮುಸ್ಲಿಂ ಹುಡುಗಿಗೂ ಹಲಸೂರಿನ ಬಡ ತಮಿಳು ಕ್ರೈಸ್ತ ಹುಡುಗನಿಗೂ ತಮ್ಮದೇ ಸಮುದಾಯದ ಹೆಸರಿನ ಶಾಲೆಯಲ್ಲಿ ಕಾಯ್ದೆಯ ಬಲದಿಂದ ಕೇಳಿ ಪಡೆಯಬಹುದಾದ ಸೀಟು ಒಂದೂ ಇಲ್ಲ. ಶಾಲೆ ತಾನಾಗಿ ಕೊಟ್ಟರೆ ಉಂಟು. ಹಾಗೆ ಕೊಡುವ ಶಾಲೆಗಳಿವೆ, ರಾತ್ರಿ ಶಾಲೆ ನಡೆಸುವ, ಶುಲ್ಕ ಮನ್ನಾ ಮಾಡುವ ಪಾದ್ರಿಗಳೂ ಸನ್ಯಾಸಿನಿಯರೂ ಇದ್ದಾರೆ. ಆದರೆ ದಯೆಯಿಂದ ಸಿಕ್ಕಿದ್ದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಆಫೀಸಿನಲ್ಲಿ ಮೇಜು ಬಡಿದು ಕೇಳಲಾಗದು.

ವಿನಾಯಿತಿ ಕೊಟ್ಟಾಗ ಒಳಗಿರುವ ಬಡವರ ಗತಿ ಏನು ಎಂಬ ಪ್ರಶ್ನೆಯನ್ನು ನ್ಯಾಯಾಲಯ ಹಿಂದೊಮ್ಮೆ ತುಂಬ ಚೆನ್ನಾಗಿ ಬಗೆಹರಿಸಿತ್ತು. ದೆಹಲಿಯ ಶಾಲಾ ಶಿಕ್ಷಣ ಕಾಯ್ದೆ 1973ರ 12ನೇ ಕಲಮು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ನೌಕರರ ಸಂಬಳ ಮತ್ತು ಸೇವಾ ಭದ್ರತೆಯ ನಿಯಮಗಳಿಂದ ಹೊರಗಿಟ್ಟಿತ್ತು. ಕೇಂಬ್ರಿಜ್ ರಸ್ತೆಯ ಶಾಲೆಯ ಸೋದರ ಸಂಸ್ಥೆಯಾದ ದೆಹಲಿಯ ಫ್ರಾಂಕ್ ಆಂಥನಿ ಶಾಲೆಯ ಶಿಕ್ಷಕರು, ಸರ್ಕಾರಿ ಶಾಲೆಯ ಶಿಕ್ಷಕರಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದೇವೆಂದು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ 1986ರಲ್ಲಿ ಆ ವಿನಾಯಿತಿಯ ಬಹುಭಾಗವನ್ನು ರದ್ದುಮಾಡಿತು. ಶಿಕ್ಷಕರಿಗೆ ನ್ಯಾಯವಾದ ಸಂಬಳ ಕೊಡಬೇಕೆಂದರೆ ಶಾಲೆಯ ಅಲ್ಪಸಂಖ್ಯಾತ ಗುಣಕ್ಕೆ ಧಕ್ಕೆಯಾಗುವುದಿಲ್ಲ, ಬದಲಿಗೆ ಒಳ್ಳೆಯ ಶಿಕ್ಷಕರು ಸಿಕ್ಕಿ ಶಾಲೆಯೇ ಗಟ್ಟಿಯಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. ಯಾವ ಹಕ್ಕನ್ನು ಕಾಯಲು ಯಾವ ನಿಯಮವನ್ನು ಬಿಡಬೇಕು ಎಂದು ಒಂದೊಂದಾಗಿ ತೂಗಿ ನೋಡುವ ಆ ವಿಧಾನ ಪ್ರಮತಿ ತೀರ್ಪಿನಲ್ಲಿ ಕಾಣೆಯಾಯಿತು.

ಇಷ್ಟಾದರೂ ಅಲ್ಪಸಂಖ್ಯಾತವಲ್ಲದ ಖಾಸಗಿ ಶಾಲೆಗಳಿದ್ದವು. ಇಂದಿರಾನಗರದ ಅಡ್ಡರಸ್ತೆಗಳಲ್ಲಿ, ಕೆ.ಆರ್. ಪುರದ ಬಡಾವಣೆಗಳಲ್ಲಿ ಅಂಥವು ಬೇಕಾದಷ್ಟು. ಆನ್‌ಲೈನ್ ಅರ್ಜಿ, ಲಾಟರಿ, ಮೊಬೈಲಿಗೆ ಬರುವ ಸಂದೇಶ ಎಂದು ವರ್ಷದಿಂದ ವರ್ಷಕ್ಕೆ ವ್ಯವಸ್ಥೆ ಕುದುರುತ್ತ ಬಂತು. ಆಟೊ ಓಡಿಸುವವರ, ಕಟ್ಟಡ ಕೆಲಸದವರ ಮಕ್ಕಳು ಟೈ ಕಟ್ಟಿಕೊಂಡು ಆ ಶಾಲೆಗಳಿಗೆ ಹೊರಟರು. 2018-19ರಲ್ಲಿ ರಾಜ್ಯದಲ್ಲಿ ಲಭ್ಯವಿದ್ದ ಆರ್‌ಟಿಇ ಸೀಟುಗಳು ಒಂದೂವರೆ ಲಕ್ಷ.

ಮರುವರ್ಷ ಅದು ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿಯಿತು.

ಕಾರಣ, 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ತನ್ನ ನಿಯಮಗಳ ನಾಲ್ಕನೆಯದಕ್ಕೆ ಮಾಡಿದ ತಿದ್ದುಪಡಿ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಎಂದಿತು ಅದು. ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಂದು ಮಗುವಿಗೆ ವರ್ಷಕ್ಕೆ ಮೊದಲು ಗರಿಷ್ಠ 11,848 ರೂಪಾಯಿ, ನಂತರ 16,000 ರೂಪಾಯಿ ಎಂದು ಖಾಸಗಿ ಶಾಲೆಗೆ ಕಟ್ಟುತ್ತ ಹೋಗುವಾಗ, ಪಕ್ಕದ ರಸ್ತೆಯ ಸರ್ಕಾರಿ ಶಾಲೆಯಲ್ಲಿ ಬೆಂಚು ಖಾಲಿ ಬೀಳುತ್ತಿತ್ತು. ಸರ್ಕಾರ ತನ್ನ ಶಾಲೆಯ ಮಕ್ಕಳನ್ನು ತಾನೇ ದುಡ್ಡು ಕೊಟ್ಟು ಸಾಗಹಾಕುತ್ತಿದೆ ಎಂಬ ಟೀಕೆ ಕನ್ನಡ ಶಾಲೆಗಳ ಪರ ದನಿ ಎತ್ತುವವರಿಂದಲೇ ಬಂದಿತ್ತು. ಆ ಚಿಂತೆ ಪ್ರಾಮಾಣಿಕವಾದದ್ದು. ಆದರೆ ಚಿಂತೆಗೆ ಕೊಟ್ಟ ಮದ್ದು ಬಡವರ ಮಕ್ಕಳಿಗೆ ಮಾತ್ರ ಕುಡಿಸಿದ್ದಾಯಿತು. ಸರ್ಕಾರಿ ಶಾಲೆ ಇರುವ ವಾರ್ಡಿನಲ್ಲಿ ಹಣವಿದ್ದವರು ಖಾಸಗಿ ಶಾಲೆಗೆ ಹೋಗಬಾರದೆಂದು ಯಾರೂ ನಿಯಮ ಮಾಡಲಿಲ್ಲ.

ದಂಡು ಪ್ರದೇಶದ ಮೇಲೆ ಇದರ ಪೆಟ್ಟು ಹೆಚ್ಚು. ಊರು ಹಳೆಯದು, ವಾರ್ಡುಗಳು ಇಕ್ಕಟ್ಟು, ಒಂದಲ್ಲ ಒಂದು ಸರ್ಕಾರಿ ಉರ್ದು ಶಾಲೆಯೋ ಕನ್ನಡ ಶಾಲೆಯೋ ತಮಿಳು ಶಾಲೆಯೋ ಮಿಷನರಿಗಳ ಅನುದಾನಿತ ಶಾಲೆಯೋ ಹೆಜ್ಜೆಗೊಂದರಂತೆ ಇದ್ದೇ ಇರುತ್ತದೆ. ಹಾಗಾಗಿ ಖಾಸಗಿ ಶಾಲೆಗಳ ಗೇಟು ಮುಚ್ಚಲು ಬೇಕಾದ ಷರತ್ತು ಇಲ್ಲಿ ತಾನಾಗಿಯೇ ಪೂರೈಸುತ್ತದೆ. ಪೋಷಕರ ಸಂಘ ಮತ್ತು ಶಿಕ್ಷಣ ಹಕ್ಕಿನ ಟ್ರಸ್ಟೊಂದು ಹೈಕೋರ್ಟಿಗೆ ಹೋದವು. 2019ರ ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಪಕ್ಕದ ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತು. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ವಿನಾಯಿತಿ ಎಂದಿತು. ಅಲ್ಲಿ ಫಲಿತಾಂಶ ತಿರುಗಿಬಿತ್ತು. ಜುಲೈ 19ರಂದು ಬಾಂಬೆ ಹೈಕೋರ್ಟ್ ಆ ನಿಯಮವನ್ನು ರದ್ದುಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಸಂಸತ್ತಿನ ಕಾಯ್ದೆ ಕೊಟ್ಟ ಹಕ್ಕನ್ನು ರಾಜ್ಯದ ನಿಯಮ ಕಸಿಯಲಾಗದು ಎಂಬ ಸರಳ ತರ್ಕ ಅದರ ಹಿಂದಿತ್ತು. ಬೆಳಗಾವಿಯಿಂದ ಗಡಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಸಿಗುವ ಹಕ್ಕು ಈಚೆ ಬಂದರೆ ಇಲ್ಲ.

ತಿದ್ದುಪಡಿಗೆ ಮುಂಚೆ ಸೇರಿದ ಮಕ್ಕಳು ಮಾತ್ರ ಹಳೆಯ ಹಕ್ಕಿನಲ್ಲೇ ಓದು ಮುಂದುವರಿಸಿದರು. 2018-19ರಲ್ಲಿ ಒಂದನೇ ತರಗತಿಗೆ ಸೇರಿದವರು 2025-26ರಲ್ಲಿ ಎಂಟನೇ ತರಗತಿಗೆ ಬಂದರು. ಎಂಟಕ್ಕೆ ಕಾಯ್ದೆಯ ರಕ್ಷಣೆ ಮುಗಿಯುತ್ತದೆ. ಒಂಬತ್ತನೇ ತರಗತಿಗೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಎಂಟು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗ ಅದೇ ಮಾಧ್ಯಮದ ಸರ್ಕಾರಿ ಪ್ರೌಢಶಾಲೆ ಹುಡುಕಿಕೊಂಡು ಹೋಗಬೇಕು. ಎಸ್‌ಎಸ್‌ಎಲ್‌ಸಿಗೆ ಎರಡೇ ವರ್ಷ ಬಾಕಿ ಇರುವಾಗ ಶಾಲೆ ಬದಲಿಸುವುದೆಂದರೆ ಏನೆಂದು ಯಾವ ತಾಯಿಗೂ ಬಿಡಿಸಿ ಹೇಳಬೇಕಿಲ್ಲ.

ಈ ದೊಡ್ಡ ವಿನಾಯಿತಿಗಳ ನಡುವೆ ಸಣ್ಣವೂ ಇವೆ, ಅವು ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚು ಸದ್ದು ಮಾಡುತ್ತವೆ. ಜೂನ್ 1ಕ್ಕೆ ಆರು ವರ್ಷ ತುಂಬದ ಮಗುವಿಗೆ ಒಂದನೇ ತರಗತಿ ಇಲ್ಲ ಎಂಬ 2022ರ ಆದೇಶ 2025-26ರಿಂದ ಜಾರಿಗೆ ಬರಬೇಕಿತ್ತು. ಕೆಲವೇ ದಿನಗಳ ಅಂತರದಲ್ಲಿ ವರ್ಷ ಕಳೆದುಕೊಳ್ಳುವ ಯುಕೆಜಿ ಮಕ್ಕಳ ಪೋಷಕರು ಪಟ್ಟು ಹಿಡಿದರು. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಾದ ಮಕ್ಕಳಿಗೂ ಪ್ರವೇಶ ಎಂದು ಘೋಷಿಸಿದರು. ಒತ್ತಡ ಹೇರಬಲ್ಲ ಪೋಷಕರಿದ್ದರು, ಸರ್ಕಾರ ಕೇಳಿತು, ಮಿತಿಯನ್ನೂ ಹಾಕಿತು. ತಪ್ಪೇನಿಲ್ಲ. ಇನ್ನು ಕನ್ನಡ ಭಾಷಾ ಕಲಿಕೆ ಅಧಿನಿಯಮ 2015. ಕೇಂದ್ರ ಪಠ್ಯಕ್ರಮದ ಶಾಲೆಗಳೂ ಸೇರಿ ಎಲ್ಲೆಡೆ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂಬ ಈ ಕಾಯ್ದೆಯ ವಿರುದ್ಧವೂ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಕೆಲವು ಪೋಷಕರು ಹೈಕೋರ್ಟಿಗೆ ಹೋಗಿದ್ದಾರೆ. ಬೇರೆ ರಾಜ್ಯದಿಂದ ಎಂಟನೆಯ ತರಗತಿಗೆ ವರ್ಗವಾಗಿ ಬಂದ ಸೈನಿಕನ ಮಗಳಿಗೆ ಒಂದೆರಡು ವರ್ಷ ರಿಯಾಯಿತಿ ಬೇಕು ಎನ್ನುವುದು ನ್ಯಾಯ. ಇಂದಿರಾನಗರದಲ್ಲೇ ಹುಟ್ಟಿ ಬೆಳೆದ ಮಗುವಿಗೆ ಕನ್ನಡ ಬೇಡವೆನ್ನುವುದು ಬೇರೆಯೇ ಮಾತು, ಅದನ್ನು ಇದರ ಜೊತೆ ಕಲಸಬಾರದು.

ಹೀಗೆ ಸಂಸ್ಥೆಗಳಿಗೆ ವಿನಾಯಿತಿ ಉಂಟು, ಮಧ್ಯಮ ವರ್ಗದ ಪೋಷಕರಿಗೆ ಉಂಟು. ನಿಯಮದ ಭಾರ ಪೂರ್ತಿ ಹೊತ್ತು ನಿಂತಿರುವ ಸರ್ಕಾರಿ ಶಾಲೆಗೆ ಕೇಳುವ ದಾರಿಯಾದರೂ ಇದೆಯೇ?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಲಸೂರಿನಂಥ ಕಡೆ ಒಂದು ಹಳೆಯ ಕಾಂಪೌಂಡು. ಕನ್ನಡ ಮಾಧ್ಯಮದಲ್ಲಿ ಮೂವತ್ತು ಮಕ್ಕಳು, ತಮಿಳು ಮಾಧ್ಯಮದಲ್ಲಿ ಇಪ್ಪತ್ತನಾಲ್ಕು ಎಂದಿಟ್ಟುಕೊಳ್ಳಿ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದರವರೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಟ್ಟು ಲೆಕ್ಕ ಹಾಕಿದರೆ ಐವತ್ತನಾಲ್ಕು ಮಕ್ಕಳಿಗೆ ಇಬ್ಬರು ಸಾಕು. ಕೋಣೆಯೊಳಗೆ ಹೋಗಿ ನೋಡಿದರೆ ಪ್ರತಿ ಮಾಧ್ಯಮಕ್ಕೆ ಒಬ್ಬರು, ಅವರೊಬ್ಬರೇ ಐದು ತರಗತಿಗೆ ನಾಲ್ಕು ವಿಷಯ ಕಲಿಸಬೇಕು. ಒಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರೆ ಆ ಮಾಧ್ಯಮದ ಪಾಠ ಅಂದಿಗೆ ನಿಂತಿತು. 2019ರಿಂದ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಶುರುಮಾಡಿತು. ಅಂಥ ವಿಭಾಗವೂ ಸೇರಿಕೊಂಡರೆ ಮೂರು ಭಾಷೆ. ಮಕ್ಕಳು ಕಡಿಮೆಯಾದರೆ ‘ಹೆಚ್ಚುವರಿ’ ಎಂದು ಶಿಕ್ಷಕರನ್ನು ಬೇರೆಡೆಗೆ ಎತ್ತುತ್ತಾರೆ. ಶಿಕ್ಷಕರು ಹೋದದ್ದಕ್ಕೇ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ.

ಇಲ್ಲಿ ಬೇಕಾದದ್ದು ಒಂದು ಸಣ್ಣ ವಿನಾಯಿತಿ. ಈ ಶಾಲೆಯಲ್ಲಿ ಮೂರು ವರ್ಷ ತಲೆ ಎಣಿಸಿ ಶಿಕ್ಷಕರನ್ನು ಕೊಡಬೇಡಿ, ಮಾಧ್ಯಮ ಎಣಿಸಿ ಕೊಡಿ ಎಂಬಷ್ಟು. ಕೇಳಬಹುದಾದ ಸಂಸ್ಥೆಯೂ ಇದೆ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಲ್ಲೇ ಕರ್ನಾಟಕ 2001ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಿತು. ಎಸ್‌ಡಿಎಂಸಿ ಎಂದರೆ ಹಳ್ಳಿಯಲ್ಲೂ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು, ಅದು ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು ಎನ್ನುತ್ತದೆ. ಸುಣ್ಣ-ಬಣ್ಣ, ಬಿಸಿಯೂಟ, ಶೌಚಾಲಯದ ಮಾತು ಆ ಸಮಿತಿ ಆಡಬಹುದು. ನಿಯಮದಿಂದ ಸಡಿಲಿಕೆ ಕೇಳುವ ಅರ್ಜಿ ನಮೂನೆ ಮಾತ್ರ ಇಲಾಖೆಯಲ್ಲಿ ಇಲ್ಲ. ನಗರ ಪಾಲಿಕೆ ತಾನೇ ಶಾಲೆಗಳನ್ನು ನಡೆಸುತ್ತಿದ್ದರೂ ಅದಕ್ಕೂ ಈ ಅಧಿಕಾರವಿಲ್ಲ. 1976ರಿಂದ ಶಿಕ್ಷಣ ಕೇಂದ್ರ-ರಾಜ್ಯಗಳ ಸಮವರ್ತಿ ಪಟ್ಟಿಯಲ್ಲಿದೆ, ವಾರ್ಡಿನ ಮಟ್ಟಕ್ಕೆ ಇಳಿದೇ ಇಲ್ಲ. ಎಸ್‌ಡಿಎಂಸಿ ಅಧ್ಯಕ್ಷೆ ಶಾಸಕರ ಮನೆ ಬಾಗಿಲು ತಟ್ಟಬೇಕು, ಅತಿಥಿ ಶಿಕ್ಷಕರೊಬ್ಬರು ಸಿಕ್ಕರೆ ಪುಣ್ಯ.

ಬೇರೆ ದೇಶಗಳಲ್ಲಿ ಇದಕ್ಕೊಂದು ಕ್ರಮವಿದೆ. ಅಮೆರಿಕದ ಟೆಕ್ಸಸ್ ರಾಜ್ಯ 2015ರಲ್ಲಿ ಸ್ಥಳೀಯ ಶಾಲಾ ಜಿಲ್ಲೆಗಳಿಗೆ ರಾಜ್ಯದ ಹಲವು ನಿಯಮಗಳಿಂದ ಹೊರಬರಲು ದಾರಿ ಮಾಡಿಕೊಟ್ಟಿತು. ಸ್ಥಳೀಯ ಸಮಿತಿ ಯೋಜನೆ ಬರೆಯಬೇಕು, ಯಾವ ನಿಯಮ ಬೇಡ, ಏಕೆ ಬೇಡ ಎಂದು ತಿಳಿಸಬೇಕು, ಮೂವತ್ತು ದಿನ ಸಾರ್ವಜನಿಕರ ಮುಂದಿಡಬೇಕು, ಮಂಡಳಿಯ ಮೂರನೇ ಎರಡರಷ್ಟು ಮತ ಬೇಕು, ಅವಧಿ ಐದು ವರ್ಷ ಮೀರಬಾರದು. ಹೆಚ್ಚಿನ ಜಿಲ್ಲೆಗಳು ಕೇಳಿದ್ದು ಶಾಲೆ ಯಾವತ್ತು ಶುರುವಾಗಬೇಕೆಂಬ ದಿನಾಂಕದ ಸ್ವಾತಂತ್ರ್ಯವನ್ನು. ಆದರೆ ಶಿಕ್ಷಕರ ಅರ್ಹತೆಯ ನಿಯಮದಿಂದಲೂ ಬಹಳ ಜಿಲ್ಲೆಗಳು ಹೊರಬಂದವು. ಕಡೆಗೆ ಹೊಸದಾಗಿ ನೇಮಕವಾದವರಲ್ಲಿ ಮೂವರಲ್ಲಿ ಒಬ್ಬರು ಶಿಕ್ಷಕ ಪ್ರಮಾಣಪತ್ರ ಇಲ್ಲದವರಾದರು, 2025ರಲ್ಲಿ ಅಲ್ಲಿನ ಶಾಸನಸಭೆ ಮತ್ತೆ ಲಗಾಮು ಎಳೆಯಬೇಕಾಯಿತು. ಕೇಳುವ ಹಕ್ಕು ಕೊಡುವಾಗ ಯಾವುದನ್ನು ಕೇಳಬಾರದು ಎಂಬುದನ್ನೂ ಬರೆದಿಡಬೇಕು.

ನಮ್ಮ ಕಾಯ್ದೆಯಲ್ಲೇ ಅಂಥ ಒಂದು ಮಾದರಿ ಇದೆ. 23(2)ನೇ ಕಲಮಿನಂತೆ ತರಬೇತಾದ ಶಿಕ್ಷಕರು ಸಾಕಷ್ಟಿಲ್ಲದ ರಾಜ್ಯಕ್ಕೆ ಕೇಂದ್ರ ಸರ್ಕಾರ ಅರ್ಹತೆಯಲ್ಲಿ ಸಡಿಲಿಕೆ ಕೊಡಬಹುದು, ಐದು ವರ್ಷ ಮೀರದಂತೆ, ಅಧಿಸೂಚನೆ ಹೊರಡಿಸಿ. ಬಿಹಾರ, ಅಸ್ಸಾಂ, ಪಶ್ಚಿಮ ಬಂಗಾಳ ಅದನ್ನು ಬಳಸಿಕೊಂಡವು. ಕಾರಣ, ಗಡುವು, ಪ್ರಕಟಣೆ ಮೂರೂ ಅಲ್ಲಿವೆ. ಪ್ರಮತಿ ತೀರ್ಪಿನ ವಿನಾಯಿತಿಗೂ 2019ರ ತಿದ್ದುಪಡಿಗೂ ಗಡುವೇ ಇಲ್ಲ. ಯಾವ ಶಾಲೆಗೆ ಯಾವ ನಿಯಮದಿಂದ ಬಿಡುಗಡೆ ಸಿಕ್ಕಿದೆ ಎಂದು ಅದರ ಗೇಟಿನ ಮೇಲೆ ಬರೆದಿರುವುದೂ ಇಲ್ಲ. ಸೀಟು ಕೇಳಲು ಹೋದ ತಂದೆಗೆ ಕಾವಲುಗಾರ ಹೇಳುವುದು ‘ಇದು ಮೈನಾರಿಟಿ ಶಾಲೆ’ ಎಂಬ ಮೂರು ಪದ, ಅಲ್ಲಿಗೆ ಮುಗಿಯಿತು.

ಪ್ರಮತಿ ತೀರ್ಪು ಈಗ ಮತ್ತೆ ಚರ್ಚೆಗೆ ಬಂದಿದೆ. 2025ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿಗಳಾದ ದೀಪಂಕರ್ ದತ್ತ ಮತ್ತು ಮನಮೋಹನ್ ಅವರ ಪೀಠ, ಮಹಾರಾಷ್ಟ್ರದ ಅಂಜುಮನ್ ಟ್ರಸ್ಟಿನ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಶಾಲೆಗಳನ್ನು ಇಡೀ ಕಾಯ್ದೆಯಿಂದ ಹೊರಗಿಟ್ಟದ್ದು ಸರಿಯೇ ಎಂಬ ಅನುಮಾನವನ್ನು ಬರೆದು, ದೊಡ್ಡ ಪೀಠದ ವಿಚಾರಣೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಆ ಪೀಠ ಎತ್ತಿದ ಪ್ರಶ್ನೆಗಳಲ್ಲಿ ಒಂದು ಶಿವಾಜಿನಗರಕ್ಕೆ ಹೇಳಿ ಮಾಡಿಸಿದಂತಿದೆ: ಶೇ 25ರ ಸೀಟಿನಿಂದ ಶಾಲೆಯ ಅಲ್ಪಸಂಖ್ಯಾತ ಗುಣ ಕೆಡುತ್ತದೆ ಎಂಬುದೇ ಆತಂಕವಾದರೆ, ನೆರೆಹೊರೆಯಲ್ಲಿರುವ ಅದೇ ಸಮುದಾಯದ ಬಡ ಮಕ್ಕಳಿಗೆ ಆ ಸೀಟು ಕೊಡುವಂತೆ ಕಲಮನ್ನು ಓದಬಹುದಿತ್ತಲ್ಲವೇ? ಹಾಗೆ ಓದಿದರೆ 30ನೇ ವಿಧಿಯೂ ಉಳಿಯುತ್ತದೆ, ಭಾರತಿನಗರದ ದರ್ಜಿಯ ಮಗಳಿಗೂ ಸೀಟು ಸಿಗುತ್ತದೆ.

ದೊಡ್ಡ ಪೀಠ ನಾಳೆ ಹಾಗೆಯೇ ತೀರ್ಪು ಕೊಟ್ಟರೂ ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಸೀಟೂ ಹುಟ್ಟುವುದು ಕಷ್ಟ. ಏಕೆಂದರೆ ಆ ಶಾಲೆಗಳಿರುವ ವಾರ್ಡುಗಳಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದೇ ಇದೆ, 2019ರ ತಿದ್ದುಪಡಿ ಅಲ್ಲಿ ಅಡ್ಡ ನಿಲ್ಲುತ್ತದೆ. ಅಲ್ಪಸಂಖ್ಯಾತರ ವಿಷಯ ನ್ಯಾಯಾಲಯದ ಕೈಯಲ್ಲಿದೆ. ನಾಲ್ಕನೆಯ ನಿಯಮ ಹಾಗಲ್ಲ, ವಿಧಾನಸೌಧದ ಸಂಪುಟ ಸಭೆಯೊಂದು ಅದನ್ನು ಹಿಂದಕ್ಕೆ ಪಡೆಯಬಹುದು. ಅದೇ ಸಭೆಯಲ್ಲಿ ಎಸ್‌ಡಿಎಂಸಿಗಳಿಗೆ ಕಾರಣ ಕೊಟ್ಟು, ಅವಧಿ ಹಾಕಿ, ಶಿಕ್ಷಕರ ಹಂಚಿಕೆಯಲ್ಲಿ ಸಡಿಲಿಕೆ ಕೇಳುವ ಒಂದು ಅರ್ಜಿಯನ್ನೂ ಒಪ್ಪಿಕೊಳ್ಳಬಹುದು. ಪ್ರವೇಶದ ಅರ್ಜಿಗಳು ಬೇಸಿಗೆಯಲ್ಲಿ ಶುರುವಾಗುತ್ತವೆ. ಅದಕ್ಕೆ ಮುಂಚೆ ಆದರೆ ಮುಂದಿನ ಜೂನ್‌ಗೇ ಮಕ್ಕಳಿಗೆ ಪ್ರಯೋಜನ.